ಹಿತ್ತಲಲ್ಲಿ ಸಜ್ಜಾಗುವ ಎಳೆತದ ಗಾಡಿ

ಏರುದಾರಿಯಲ್ಲಿ ಭಾರ ಹೊತ್ತ ಲಾರಿ ಏದುಸಿರು ಬಿಡುವುದು ಹೂಗ್ಯಂ ಕಡೆಯ ಮಕ್ಕಳಿಗೆ ಹೊಸ ನೋಟವೇನಲ್ಲ. ಅಮೆರಿಕದ ಹಳ್ಳಿಗಾಡಿನಲ್ಲಿ ಭಾರ ಎಳೆಯುವುದೇ ಒಂದು ಪಂದ್ಯ! ರಾಯಚೂರಿನ ಎತ್ತುಗಳ ಕಲ್ಲೆಳೆಯುವ ಸ್ಪರ್ಧೆಯ ದೂರದ ದಾಯಾದಿ ಎನ್ನಿ. 1929ರಲ್ಲಿ ಮಿಸ್ಸೌರಿ, ಓಹಿಯೋಗಳಲ್ಲಿ ಟ್ರ್ಯಾಕ್ಟರುಗಳಿಂದ ಶುರುವಾದ ಈ ಆಟಕ್ಕೆ ಪಿಕಪ್ಪುಗಳು ಬಂದದ್ದು ಆಮೇಲೆ.

ಎಳೆಯಬೇಕಾದದ್ದು ಒಂದು ಜಾರುಬಂಡಿ. ಅದು ಸಾಗಿದಂತೆ ಮೇಲಿನ ಭಾರದ ಪೆಟ್ಟಿಗೆ ಮುಂದಕ್ಕೆ ಸರಿದು, ಮುಂಭಾಗದ ಉಕ್ಕಿನ ತಟ್ಟೆಯನ್ನು ನೆಲಕ್ಕೆ ಒತ್ತುತ್ತದೆ. ಘರ್ಷಣೆ ಹೆಚ್ಚುತ್ತಲೇ ಹೋಗುತ್ತದೆ. ಸಾಮಾನ್ಯವಾಗಿ 300 ಅಡಿ ಮುಟ್ಟಿದರೆ ಪೂರ್ಣ ಎಳೆತ.

ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಹಳೆಯ ಪಿಕಪ್ಪು ಸಿಕ್ಕರೆ ಹುಡುಗರ ಕೈ ಮೊದಲು ಹೋಗುವುದು ಎಂಜಿನ್ನಿಗೆ. ಆದರೆ ಚಕ್ರ ನಿಂತಲ್ಲೇ ತಿರುಗಿದರೆ ಎಷ್ಟು ಅಶ್ವಶಕ್ತಿ ಇದ್ದೇನು? ಹಿಂದಿನ ಸ್ಪ್ರಿಂಗು ಕುಣಿಯದಂತೆ ಬಿಗಿಯಬೇಕು, ಮೂತಿಗೆ ತೂಕ ನೇತುಹಾಕಬೇಕು. ಸರಪಳಿಯ ಕೊಂಡಿ ಎತ್ತರದಲ್ಲಿದ್ದಷ್ಟೂ ಹಿಂದಿನ ಚಕ್ರಗಳ ಮೇಲೆ ಒತ್ತಡ ಹೆಚ್ಚು, ಹಿಡಿತವೂ ಹೆಚ್ಚು. ಆದರೆ ಮುಂದಿನ ಚಕ್ರಗಳು ಮೇಲೇಳುತ್ತವೆ. ಅದಕ್ಕೇ ಕೊಂಡಿಯ ಎತ್ತರಕ್ಕೆ ನಿಯಮವಿದೆ.

ಪೋಷಕರು ಕೇಳಬೇಕಾದದ್ದು ಬೇರೆ: ಪ್ರೊಪೆಲ್ಲರ್ ಶಾಫ್ಟ್ ತುಂಡಾದರೆ? ಅದರ ಸುತ್ತ ಉಕ್ಕಿನ ಬಳೆಗಳಿರಬೇಕು. ಸರಪಳಿ ಹರಿದರೆ? ಬಂಡಿಗೆ ಕಟ್ಟಿದ ಹಗ್ಗ ಗಾಡಿಯ ಹಿಂದಿನ ಸ್ವಿಚ್ಚನ್ನು ಕಿತ್ತು ಎಂಜಿನ್ ನಿಲ್ಲಿಸುತ್ತದೆ. ಹೆಲ್ಮೆಟ್ಟು, ಬೆಂಕಿ ಆರಿಸುವ ಸಿಲಿಂಡರು ಬೇಕೇ ಬೇಕು.

ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆ ಇಂಥ ಬದಲಾವಣೆಗೆ ಅಡ್ಡ ಬರುವುದರಿಂದ ಆ ಗಾಡಿ ರಸ್ತೆಗಿಳಿಯುವಂತಿಲ್ಲ. ಬ್ಯಾಟರಿ ಆಟಿಕೆ ಕಾರಿಗೆ ದಾರ ಕಟ್ಟಿ ಇಟ್ಟಿಗೆ ಚೂರನ್ನು ಎಳೆಸಿ ನೋಡಬಹುದು. ದಾರದ ಗಂಟನ್ನು ಮೇಲೆ ಕಟ್ಟಿದಾಗ ಕಾರಿನ ಮೂತಿ ಏನು ಮಾಡುತ್ತದೆ?