ಮನೆಯ ಸಾಬೂನಿಗೆ ತಕ್ಕ ಅಚ್ಚು

ಕನ್ನಡಿಗರಿಗೆ ಸಾಬೂನೆಂದರೆ ಮೊದಲು ನೆನಪಾಗುವುದು ಶ್ರೀಗಂಧದ ಪರಿಮಳ ಬೀರುವ ಮೈಸೂರಿನ ಅಂಡಾಕಾರದ ಬಿಲ್ಲೆ. ಊರು ಬಿಟ್ಟು ಬಂದು ಚೆನ್ನೈನಲ್ಲಿ ನೆಲೆಸಿದ ಮನೆಗಳ ಬಚ್ಚಲಿನಲ್ಲಿಯೂ ಅದಕ್ಕೊಂದು ಸ್ಥಾನ ಉಂಟು. ಅದೇ ಮನೆಗಳಲ್ಲಿ ಕೆಲವರು ಈಗ ತಮ್ಮ ಕೈಯಿಂದಲೇ ಸಾಬೂನು ತಯಾರಿಸತೊಡಗಿದ್ದಾರೆ. ಎಣ್ಣೆಯನ್ನೂ ಕಾಸ್ಟಿಕ್ ಸೋಡಾದ ದ್ರಾವಣವನ್ನೂ ಕೂಡಿಸಿ, ಕುದಿಸದೆ, ಹದ ಬರುವವರೆಗೆ ಕಡೆದು, ಬ್ರೆಡ್ಡಿನ ದಿಂಡಿನಂಥ ಉದ್ದನೆಯ ಅಚ್ಚಿನಲ್ಲಿ ಹೊಯ್ದು, ಗಟ್ಟಿಯಾದ ಮೇಲೆ ಬಿಲ್ಲೆಗಳಾಗಿ ಕೊಯ್ಯುವುದು ಇದರ ಕ್ರಮ. ಮೈಸೂರುಪಾಕನ್ನು ತಟ್ಟೆಗೆ ಹೊಯ್ದು ಕೊಯ್ದವರಿಗೆ ಈ ಕೆಲಸ ಅಪರಿಚಿತವೆನಿಸದು. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಪಾಕ ತಟ್ಟೆಗೆ ಬೀಳುವ ವೇಳೆಗೆ ಅಡುಗೆ ಮುಗಿದಿರುತ್ತದೆ. ಸಾಬೂನು ಅಚ್ಚಿಗೆ ಬಿದ್ದ ಮೇಲೆಯೇ ಬಹುಪಾಲು ಸಾಬೂನಾಗುತ್ತದೆ. ಆದುದರಿಂದ ಅಚ್ಚಿನ ಆಯ್ಕೆ ಅಂದಚೆಂದದ ಪ್ರಶ್ನೆಯಷ್ಟೇ ಅಲ್ಲ, ಆರೋಗ್ಯದ ಪ್ರಶ್ನೆಯೂ ಹೌದು.

ಕುದಿಸಿದ ಸಾಬೂನು, ಕುದಿಸದ ಸಾಬೂನು

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಶ್ರೀಗಂಧದ ರಫ್ತಿಗೆ ಅಡ್ಡಿಯುಂಟಾದಾಗ ಮೈಸೂರು ಸಂಸ್ಥಾನವು 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ತಯಾರಿಕೆಯನ್ನು ಆರಂಭಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ ಅದು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು. ಇಂಗ್ಲೆಂಡಿನಲ್ಲಿ ಸಾಬೂನಿನ ವಿಜ್ಞಾನವನ್ನು ಕಲಿತು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳ ಪರಿಶ್ರಮದಿಂದ 1918ರಲ್ಲಿ ಸಾಬೂನೂ ಹೊರಬಂದಿತು.

ದೊಡ್ಡ ಕಾರ್ಖಾನೆಗಳ ಸಾಂಪ್ರದಾಯಿಕ ವಿಧಾನದಲ್ಲಿ ಎಣ್ಣೆಯನ್ನು ಕ್ಷಾರದೊಡನೆ ಕಡಾಯಿಯಲ್ಲಿ ಕುದಿಸಿ, ಉಪ್ಪುನೀರನ್ನು ಬೆರೆಸುತ್ತಾರೆ. ಸಾಬೂನು ಮೇಲೆ ತೇಲುತ್ತದೆ. ಮಿಕ್ಕ ಕ್ಷಾರವೂ ಗ್ಲಿಸರಿನ್ನೂ ಉಪ್ಪುನೀರಿನೊಡನೆ ಕೆಳಗಿಳಿದು ಬೇರೆಯಾಗುತ್ತವೆ. ಕುದಿಸದ ವಿಧಾನದಲ್ಲಿ ಈ ತೊಳೆಯುವಿಕೆ ಇಲ್ಲ. ಚರ್ಮಕ್ಕೆ ಹಿತವಾದ ಗ್ಲಿಸರಿನ್ ಬಿಲ್ಲೆಯಲ್ಲೇ ಉಳಿಯುವುದು ಇದರ ಲಾಭ. ಲೆಕ್ಕ ತಪ್ಪಿದರೆ ಚರ್ಮವನ್ನು ಸುಡುವ ಕ್ಷಾರವೂ ಅಲ್ಲೇ ಉಳಿಯುವುದು ಇದರ ಅಪಾಯ. ಅಚ್ಚಿಗೆ ಹೋದದ್ದೆಲ್ಲ ಮೈಗೆ ಬರುತ್ತದೆ.

ಅಲ್ಯೂಮಿನಿಯಂ ಸಲ್ಲದು

ಮದರಾಸಿನ ಕಲಾಶಾಲೆಯಲ್ಲಿ 1898ರಲ್ಲಿ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆಗೆ ತಳಹದಿ ಹಾಕಿದವರು ಆಲ್ಫ್ರೆಡ್ ಚಾಟರ್ಟನ್. ಅನಂತರ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿ ಗಂಧದೆಣ್ಣೆಯ ಉದ್ಯಮಕ್ಕೂ ಅವರು ನೆರವಾದರು. ಹೀಗೆ ಒಬ್ಬರೇ ವ್ಯಕ್ತಿಯ ಚರಿತ್ರೆಯಲ್ಲಿ ಕೂಡಿಬಂದ ಈ ಎರಡು ಪದಾರ್ಥಗಳು ಮನೆಯ ಸಾಬೂನಿನ ಕೆಲಸದಲ್ಲಿ ಮಾತ್ರ ಒಂದನ್ನೊಂದು ಮುಟ್ಟಕೂಡದು. ಕಾಸ್ಟಿಕ್ ಸೋಡಾದ ದ್ರಾವಣವು ಅಲ್ಯೂಮಿನಿಯಂ ಲೋಹವನ್ನು ತಿಂದು, ಬೇಗ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವನ್ನು ಬಿಡುಗಡೆ ಮಾಡುತ್ತದೆ. ಪಾತ್ರೆ ಕರಗುತ್ತದೆ, ಕ್ಷಾರದ ಲೆಕ್ಕವೂ ಕೆಡುತ್ತದೆ. ಕೇಕು, ಬ್ರೆಡ್ಡು ಬೇಯಿಸುವ ಅಲ್ಯೂಮಿನಿಯಂ ಡಬ್ಬಿಗಳು ಆಕಾರದಲ್ಲಿ ಎಷ್ಟೇ ಅನುಕೂಲವೆನಿಸಿದರೂ ಈ ಕೆಲಸಕ್ಕೆ ಸಲ್ಲವು. ಸತುವಿನ ಲೇಪವುಳ್ಳ ತಗಡೂ ಹಾಗೆಯೇ. ಹಣ್ಣಿನ ರಸ ತುಂಬಿ ಬರುವ ಕೆಲವು ಕಾಗದದ ಪೆಟ್ಟಿಗೆಗಳ ಪದರಗಳ ನಡುವೆ ಅಲ್ಯೂಮಿನಿಯಂ ಹಾಳೆ ಇರುತ್ತದೆಂಬುದನ್ನೂ ಮರೆಯಬಾರದು.

ಚೆನ್ನೈನವರು ‘ಎವರ್‌ಸಿಲ್ವರ್’ ಎಂದು ಕರೆಯುವ ಸ್ಟೇನ್‌ಲೆಸ್ ಸ್ಟೀಲ್ ಕ್ಷಾರಕ್ಕೆ ಜಗ್ಗುವುದಿಲ್ಲ. ಆದರೆ ಬಾಗದ ಕಾರಣ ಒಳಗೆ ಬಟರ್ ಪೇಪರ್ ಹಾಸದಿದ್ದರೆ ದಿಂಡು ಹೊರಬರುವುದು ಕಷ್ಟ. ಮರದ ಪೆಟ್ಟಿಗೆಗೂ ಕಾಗದದ ಹಾಸು ಬೇಕೇ ಬೇಕು. ಪಕ್ಕದ ಹಲಗೆಗಳನ್ನು ಬಿಚ್ಚುವಂತಿದ್ದರೆ ಉತ್ತಮ. ಸಿಲಿಕೋನ್ ಅಚ್ಚಿಗೆ ಹಾಸು ಬೇಡ, ಸಿಪ್ಪೆಯಂತೆ ಸುಲಿಯಬಹುದು. ತುಂಬಿದಾಗ ಅದರ ಪಕ್ಕಗಳು ಉಬ್ಬುವುದರಿಂದ ಆಸರೆಗೆ ಹೊರಪೆಟ್ಟಿಗೆ ಬೇಕಾಗುತ್ತದೆ. ಪ್ಲಾಸ್ಟಿಕ್ಕಾದರೆ ತಳದ ತ್ರಿಕೋನದಲ್ಲಿ 5 ಅಥವಾ 2 ಎಂಬ ಅಂಕೆಯುಳ್ಳ ಗಟ್ಟಿ ಡಬ್ಬಿಗಳನ್ನು ಬಳಸಬಹುದು. ನೀರಿನ ತೆಳು ಬಾಟಲಿಗಳನ್ನು ಕೊಯ್ದು ಬಳಸುವುದು ಬೇಡ. ಅಚ್ಚು ಯಾವುದೇ ಆಗಿರಲಿ, ಒಮ್ಮೆ ಸಾಬೂನಿಗೆ ಬಳಸಿದ್ದು ಮತ್ತೆ ಅಡುಗೆಮನೆಗೆ ಹೋಗಬಾರದು.

ಅಳತೆಯ ಲೆಕ್ಕ

ಅಚ್ಚನ್ನು ಕೊಂಡ ಮೇಲೆ ಮೊದಲು ಮಾಡಬೇಕಾದುದು ಅದರ ಒಳ ಅಳತೆ. ಉದ್ದ 20, ಅಗಲ 7, ಎತ್ತರ 6.5 ಸೆಂಟಿಮೀಟರ್ ಇದ್ದರೆ ಗುಣಿಸಿದಾಗ 910 ಘನ ಸೆಂಟಿಮೀಟರ್ ಬರುತ್ತದೆ. ಇದರ ಮೂರನೆಯ ಎರಡು ಪಾಲು, ಅಂದರೆ ಸುಮಾರು 600 ಗ್ರಾಂ ಎಣ್ಣೆಯಿಂದಾಗುವ ಸಾಬೂನು ಈ ಅಚ್ಚಿಗೆ ಹಿಡಿಸುತ್ತದೆ. ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ಕೊಯ್ದರೆ ಎಂಟು ಬಿಲ್ಲೆಗಳಾಗುತ್ತವೆ.

ಈ ಲೆಕ್ಕವನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ಒಂದು ಉದಾಹರಣೆ ಸಾಕು. ನೂರು ಗ್ರಾಂ ಕೊಬ್ಬರಿ ಎಣ್ಣೆ ಪೂರ್ತಿ ಸಾಬೂನಾಗಲು ಸುಮಾರು 18.3 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ನೂರಕ್ಕೆ ಐದರಷ್ಟು ಕಡಿಮೆ ಹಾಕಿ ಕೊಂಚ ಎಣ್ಣೆಯನ್ನು ಉಳಿಸುವುದು ರೂಢಿ. ಒಂದು ಕಿಲೋ ಎಣ್ಣೆಯ ಪಾಕವಿಧಾನದಲ್ಲಿ ಹೀಗೆ 174 ಗ್ರಾಂ ಸೋಡಾ ಇರುತ್ತದೆ. ಅಚ್ಚು ಚಿಕ್ಕದೆಂದು ಎಣ್ಣೆಯನ್ನು 600 ಗ್ರಾಮಿಗೆ ಇಳಿಸಿ, ಸೋಡಾವನ್ನು ಹಾಗೆಯೇ ಬಿಟ್ಟರೆ, ಬೇಕಾದುದು 110 ಗ್ರಾಂ, ಬಿದ್ದದ್ದು 174 ಗ್ರಾಂ. ಮಿಕ್ಕ 64 ಗ್ರಾಂ ಎಂಟು ಬಿಲ್ಲೆಗಳಲ್ಲಿ ಅಡಗಿ ಕುಳಿತಿರುತ್ತದೆ. ಎಳ್ಳೆಣ್ಣೆ, ಕಡಲೆಕಾಯಿ ಎಣ್ಣೆಗಳಿಗೆ ನೂರು ಗ್ರಾಮಿಗೆ ಸುಮಾರು 13.5 ಗ್ರಾಂ ಸೋಡಾ ಸಾಕು. ಆದುದರಿಂದ ಒಂದು ಎಣ್ಣೆಯ ಬದಲು ಇನ್ನೊಂದನ್ನು ಹಾಕಿದಾಗಲೂ ಲೆಕ್ಕವನ್ನು ಹೊಸದಾಗಿಯೇ ಮಾಡಬೇಕು. ಚಮಚ, ಲೋಟಗಳ ಅಳತೆ ಇಲ್ಲಿ ಸಲ್ಲದು. ಎಲ್ಲವನ್ನೂ ತಕ್ಕಡಿಯಲ್ಲಿ ತೂಗಬೇಕು.

ಕಡಲತೀರದ ಹವೆ

ಚಳಿಯ ದೇಶಗಳ ಪುಸ್ತಕಗಳು ಸಾಬೂನು ಹೊಯ್ದ ಅಚ್ಚಿಗೆ ಕಂಬಳಿ ಹೊದಿಸಲು ಹೇಳುತ್ತವೆ. ಚೆನ್ನೈನ ಬೇಸಿಗೆಗೆ ಈ ಉಪದೇಶ ಹೊಂದದು. ಅಚ್ಚಿನೊಳಗೆ ನಡೆಯುವ ರಾಸಾಯನಿಕ ಕ್ರಿಯೆಯೇ ಶಾಖವನ್ನು ಹುಟ್ಟಿಸುತ್ತದೆ. ಮರ ಆ ಶಾಖವನ್ನು ಹಿಡಿದಿಡುತ್ತದೆ. ಎತ್ತರವಾದ, ದಪ್ಪನೆಯ ದಿಂಡಿನ ನಡುಭಾಗ ಇನ್ನೂ ಹೆಚ್ಚು ಕಾಯುತ್ತದೆ. ಕೊಬ್ಬರಿ ಎಣ್ಣೆ ಹೆಚ್ಚಿದ್ದರೆ ಮೇಲ್ಭಾಗ ಬಿರಿದು, ಕೆಲವೊಮ್ಮೆ ಬಿಸಿ ಸಾಬೂನು ಉಕ್ಕಿ ಅಚ್ಚಿನಿಂದ ಹೊರಚೆಲ್ಲುವುದೂ ಉಂಟು. ಏಪ್ರಿಲ್, ಮೇ ತಿಂಗಳುಗಳಲ್ಲಿ ಎತ್ತರ ಕಡಿಮೆಯಾದ ಸಿಲಿಕೋನ್ ಅಚ್ಚನ್ನು ಕಂಬಳಿಯಿಲ್ಲದೆ ಫ್ಯಾನಿನ ಕೆಳಗೆ ಇಡುವುದು ಲೇಸು. ಮರದ ಪೆಟ್ಟಿಗೆಯ ಉಪಯೋಗ ಡಿಸೆಂಬರ್, ಜನವರಿಯಲ್ಲಿ ಹೆಚ್ಚು.

ಕೊಬ್ಬರಿ ಎಣ್ಣೆಯೊಂದರಿಂದಲೇ ಮಾಡಿದ ದಿಂಡು ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುತ್ತದೆ. ಮರುದಿನದವರೆಗೆ ಬಿಟ್ಟರೆ ಕೊಯ್ಯುವಾಗ ಪುಡಿಯಾಗುತ್ತದೆ. ಅಂಥದಕ್ಕೆ ಬೇಗ ಬಿಚ್ಚಬಲ್ಲ ಅಚ್ಚೇ ಬೇಕು. ಇತರ ಎಣ್ಣೆಗಳು ಹೆಚ್ಚಿರುವ ದಿಂಡಿಗೆ ಒಂದೆರಡು ದಿನ ಹಿಡಿಯುತ್ತದೆ.

ಕೊಯ್ದ ಬಿಲ್ಲೆಗಳನ್ನು ನಾಲ್ಕರಿಂದ ಆರು ವಾರ ಗಾಳಿಯಾಡುವೆಡೆ ಬಿಡಿಬಿಡಿಯಾಗಿ ಆರಲು ಇಡಬೇಕು. ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಐಪ್ಪಸಿಯ ಮಳೆಗಾಲದಲ್ಲಿ ಬಿಲ್ಲೆಗಳ ಮೇಲೆ ಬೆವರಿನಂಥ ಹನಿಗಳು ಮೂಡುವುದುಂಟು. ಇದು ಕ್ಷಾರವಲ್ಲ, ಗಾಬರಿಗೆ ಕಾರಣವಿಲ್ಲ. ಆರಲು ಇನ್ನಷ್ಟು ದಿನ ಬಿಟ್ಟರಾಯಿತು.

ಎಚ್ಚರಿಕೆಗಳು

ಸೋಡಾವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಸೋಡಾದ ಮೇಲೆ ನೀರನ್ನು ಸುರಿಯಬಾರದು. ಕೈಗವಸು, ಕಣ್ಣಿನ ರಕ್ಷೆ, ತೆರೆದ ಕಿಟಕಿ ಇವು ಅನಿವಾರ್ಯ. ಅಚ್ಚಿನಿಂದ ಬಿಡಿಸುವಾಗಲೂ ಕೈಗವಸು ಬೇಕು, ಏಕೆಂದರೆ ಆಗಿನ್ನೂ ಕ್ರಿಯೆ ಪೂರ್ತಿಯಾಗಿರಲಾರದು. ಫ್ಲ್ಯಾಟುಗಳ ಇಕ್ಕಟ್ಟಿನಲ್ಲಿ ತುಂಬಿದ ಅಚ್ಚನ್ನು ಊಟದ ಮೇಜಿನ ಮೇಲೋ ನೆಲದ ಮೇಲೋ ಇಡುವ ಅಭ್ಯಾಸ ಬಲು ಅಪಾಯಕರ. ಸಿಹಿತಿಂಡಿಯೆಂದು ಭ್ರಮಿಸಿ ಮಕ್ಕಳು ಕೈಯಿಟ್ಟಾರು. ಕ್ಷಾರ ಮೈಮೇಲೆ ಅಥವಾ ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆಯಬೇಕು. ಹುಳಿ, ವಿನೆಗರ್ ಹಚ್ಚಬಾರದು. ಕಣ್ಣಿಗೆ ಬಿದ್ದಿದ್ದರೆ ತೊಳೆದ ಮೇಲೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಹೊಸದಾಗಿ ಆರಂಭಿಸುವವರಿಗೆ ಒಂದು ಕಿಲೋಗಿಂತ ಕಡಿಮೆ ಹಿಡಿಸುವ, ಮರದ ಹೊರಪೆಟ್ಟಿಗೆಯುಳ್ಳ ಒಂದು ಸಿಲಿಕೋನ್ ಅಚ್ಚು ಸಾಕು. ಬೇಸಿಗೆಯಲ್ಲಿ ಪೆಟ್ಟಿಗೆ ತೆಗೆದಿಟ್ಟು, ಪಕ್ಕಗಳು ಉಬ್ಬದಷ್ಟು ಕಡಿಮೆ ತುಂಬಬಹುದು. ಚಳಿಯಲ್ಲಿ ಪೆಟ್ಟಿಗೆಯೊಡನೆಯೇ ಬಳಸಬಹುದು. ಅದರ ಒಳ ಅಳತೆಯನ್ನೂ, ಅದಕ್ಕೆ ಹಿಡಿಸುವ ಎಣ್ಣೆಯ ತೂಕವನ್ನೂ ಪೆಟ್ಟಿಗೆಯ ಹೊರಮೈಮೇಲೆಯೇ ಬರೆದಿಟ್ಟರೆ ಪ್ರತಿಸಾರಿಯೂ ಊಹಿಸಬೇಕಾದ ಅಗತ್ಯ ಬೀಳುವುದಿಲ್ಲ. ಮೈಯನ್ನು ಶುಚಿಗೊಳಿಸಲೆಂದು ಮಾಡಿದ ವಸ್ತು ಮೈಯನ್ನು ಸುಡದಂತೆ ಕಾಯಲು ಆ ಒಂದು ಸಾಲಿನ ಬರಹ ಬಹಳ ಸಹಾಯಕ.