ಹೆಪ್ಪುಗಟ್ಟಿದ ಸರೋವರದ ಮೇಲೆ

ಮಹಾಗಾಂವ, ಕಮಲಾಪುರಗಳ ಸೀಮೆಯಲ್ಲಿ ಚಳಿಗಾಲವೆಂದರೆ ವರುಷದ ಸುಖದ ಕಾಲವೆಂದೇ ಹೇಳಬೇಕು. ಎಳ್ಳಮಾವಾಸ್ಯೆಯ ಚರಗ ಚೆಲ್ಲುವುದು, ತೊಗರಿಯ ರಾಶಿ ಕಣದಲ್ಲಿ ಏಳುವುದು, ಹಿಂಗಾರಿ ಜೋಳ ಹಾಲುಗಾಳು ಕಟ್ಟಿ ಸೀತನಿಯ ಆಸೆ ಹುಟ್ಟಿಸುವುದು, ಎಲ್ಲವೂ ಈ ಋತುವಿನ ಆಸುಪಾಸಿನಲ್ಲಿಯೇ. ನಸುಕಿನಲ್ಲಿ ಒಂದು ಕಂಬಳಿ, ಬಾಗಿಲ ಮುಂದೆ ಒಂದಿಷ್ಟು ಬೆಂಕಿ ಇದ್ದರೆ ಚಳಿಯ ಮಾತು ಮುಗಿಯಿತು. ಕೆಂಪು ಬಾಳೆ ಬೆಳೆಯುವ ಈ ನೆಲದಲ್ಲಿ ಆಗೊಮ್ಮೆ ಈಗೊಮ್ಮೆ ಬೀಳುವ ಆಲಿಕಲ್ಲಿನ ಹೊರತು ನೀರು ತಾನಾಗಿ ಕಲ್ಲಾಗುವುದನ್ನು ನಾವು ಕಂಡವರಲ್ಲ. ಬರ್ಫವೆಂಬುದು ನಮಗೆ ಯಂತ್ರದಿಂದ ಬರುವ ಪದಾರ್ಥ. ಆದರೆ ಭೂಮಿಯ ಉತ್ತರಭಾಗದಲ್ಲಿ ಹಲವು ತಿಂಗಳ ಕಾಲ ಸರೋವರಗಳ ಮೇಲೆ ಜನರು ನಡೆಯುತ್ತಾರೆ, ಬಂಡಿ ಹೊಡೆಯುತ್ತಾರೆ, ಗುಡಿಸಲು ಹೂಡುತ್ತಾರೆ. ಕಾಲಡಿಯ ಬರ್ಫವನ್ನು ಕೊರೆದು ಅದರ ಕೆಳಗಿನ ಮೀನನ್ನು ಹಿಡಿಯುತ್ತಾರೆ. ಅಷ್ಟು ಭಾರವನ್ನು ನೀರು ಹೊರುವುದು ಹೇಗೆ? ಅದರ ಕೆಳಗೆ ಮೀನು ಬದುಕುವುದು ಹೇಗೆ? ಈ ಎರಡು ಪ್ರಶ್ನೆಗಳನ್ನು ನಾವು ಇಂದು ವಿಚಾರಿಸೋಣ.

ಲೋಕದ ಹೆಚ್ಚಿನ ದ್ರವಗಳು ತಣ್ಣಗಾದಂತೆಲ್ಲ ಕುಗ್ಗುವುವು, ಕುಗ್ಗಿದಂತೆ ಭಾರವಾಗುವುವು. ಕಾಸಿದ ತುಪ್ಪ ಆರಿದಾಗ ಹರಳುಗಳು ಪಾತ್ರೆಯ ತಳಕ್ಕೆ ಇಳಿಯುವುದನ್ನು ಮನೆಯವರೆಲ್ಲರೂ ಬಲ್ಲರು. ನೀರು ಮಾತ್ರ ಈ ನಿಯಮವನ್ನು ಕೊನೆಯವರೆಗೆ ಪಾಲಿಸುವುದಿಲ್ಲ. ಅದು ಸೆಂಟಿಗ್ರೇಡ್ ಮಾನದ ೪ ಡಿಗ್ರಿಯವರೆಗೆ ಕುಗ್ಗುತ್ತ ಬಂದು, ಅಲ್ಲಿಂದ ಕೆಳಗೆ ಮತ್ತೆ ಹಿಗ್ಗತೊಡಗುವುದು. ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವಾಗಲಂತೂ ಅದರ ಗಾತ್ರವು ನೂರಕ್ಕೆ ೯ ಪಾಲಿನಷ್ಟು ಹೆಚ್ಚುವುದು. ಆದುದರಿಂದಲೇ ಬರ್ಫವು ನೀರಿನ ಮೇಲೆ ತೇಲುತ್ತದೆ.

ಈ ಸಣ್ಣ ಅಪವಾದದ ಫಲವನ್ನು ನೋಡಿರಿ. ಗಂಡೋರಿ ನಾಲೆಯ ಜಲಾಶಯವನ್ನು ಎತ್ತಿ ಉತ್ತರದ ಚಳಿಯಲ್ಲಿಟ್ಟೆವೆಂದು ಭಾವಿಸೋಣ. ಗಾಳಿ ತಾಕುವ ಮೇಲಿನ ನೀರು ಮೊದಲು ತಣ್ಣಗಾಗಿ, ಭಾರವಾಗಿ, ತಳಕ್ಕಿಳಿಯುವುದು. ತಳದ ಬೆಚ್ಚನೆಯ ನೀರು ಮೇಲಕ್ಕೆ ಬರುವುದು. ಜಲಾಶಯವೆಲ್ಲವೂ ೪ ಡಿಗ್ರಿಗೆ ಬರುವವರೆಗೆ ಈ ಏರಿಳಿತವು ನಡೆದಿರುವುದು. ಆಮೇಲೆ ಇನ್ನೂ ತಣ್ಣಗಾದ ನೀರು ಹಗುರಾಗುವುದರಿಂದ ಅದು ಮೇಲೆಯೇ ನಿಲ್ಲುವುದು, ಅಲ್ಲಿಯೇ ಹೆಪ್ಪುಗಟ್ಟುವುದು. ತಳದಲ್ಲಿ ಮಾತ್ರ ೪ ಡಿಗ್ರಿಯ ಆಸುಪಾಸಿನ ನೀರು ದ್ರವವಾಗಿಯೇ ಉಳಿಯುವುದು. ನೀರು ತುಪ್ಪದಂತಿದ್ದರೆ ಬರ್ಫವು ತಳದಿಂದ ಬೆಳೆದು ಬರುತ್ತಿತ್ತು. ಉತ್ತರದ ಕೆರೆಗಳಲ್ಲಿ ಮೀನಿನ ಸಂತತಿ ಎಂದೋ ಅಳಿಯುತ್ತಿತ್ತು. ಈಗಲಾದರೋ ಬರ್ಫವೇ ಮೀನಿಗೆ ಮಾಡು. ಹೊರಗೆ ಗಾಳಿಯು ಸೊನ್ನೆಯ ಕೆಳಗೆ ೩೦ ಡಿಗ್ರಿಗೆ ಇಳಿದರೂ ಮಾಡಿನ ಕೆಳಗೆ ಮೀನು ಮಂದವಾಗಿ ಈಜುತ್ತ, ಅಲ್ಪಾಹಾರದಿಂದ ಕಾಲ ಕಳೆಯುತ್ತದೆ. ಅದಕ್ಕೆ ಅಪಾಯವೊಂದುಂಟು: ಆಳವಿಲ್ಲದ ಕೊಳದ ಮೇಲೆ ಹಿಮ ದಪ್ಪವಾಗಿ ಬಿದ್ದರೆ ಬೆಳಕು ಒಳಹೋಗದೆ ಜಲಸಸ್ಯಗಳು ಆಮ್ಲಜನಕವನ್ನು ಬಿಡುವುದು ನಿಲ್ಲುತ್ತದೆ, ಇದ್ದ ಆಮ್ಲಜನಕವು ತಳದಲ್ಲಿ ಕೊಳೆಯುವ ಪದಾರ್ಥಗಳಿಗೆ ವ್ಯಯವಾಗಿ ಮೀನುಗಳು ಉಸಿರುಕಟ್ಟಿ ಸಾಯುತ್ತವೆ.

ಇನ್ನು ದಾರಿಯ ವಿಚಾರ. ಬರ್ಫವು ದಪ್ಪವಾದಂತೆಲ್ಲ ತಾನೇ ಕಂಬಳಿಯಾಗಿ ಕೆಳಗಿನ ನೀರಿನ ಶಾಖವನ್ನು ತಡೆಯುವುದು. ಆದುದರಿಂದ ಚಳಿ ಒಂದೇ ಸಮನಾಗಿದ್ದರೂ, ಒಂದು ಗೇಣು ಬೆಳೆಯಲು ಹಿಡಿದ ಕಾಲದ ಸುಮಾರು ನಾಲ್ಕರಷ್ಟು ಕಾಲ ಎರಡು ಗೇಣಾಗಲು ಬೇಕು. ಮೇಲೆ ಹಿಮ ಬಿದ್ದರೆ ಇನ್ನೂ ತಡ. ಸ್ವಚ್ಛವಾದ ಹೊಸ ಬರ್ಫವು ೪ ಅಂಗುಲವಿದ್ದರೆ ಮನುಷ್ಯನು ನಡೆಯಬಹುದೆಂದೂ, ೫ರಿಂದ ೭ ಅಂಗುಲವಿದ್ದರೆ ಹಿಮದ ಮೇಲೆ ಓಡುವ ಸಣ್ಣ ಮೋಟಾರು ಹೋಗಬಹುದೆಂದೂ, ದೊಡ್ಡ ಗಾಡಿಗೆ ಒಂದು ಅಡಿಗಿಂತ ಮಿಗಿಲಾಗಿರಬೇಕೆಂದೂ ಅಮೆರಿಕದ ಮಿನ್ನೆಸೋಟ ಸಂಸ್ಥಾನದಲ್ಲಿ ತಿಳಿಯಹೇಳುತ್ತಾರೆ. ಹಿಮ ಬೆರೆತ ಬೆಳ್ಳಗಿನ ಬರ್ಫಕ್ಕೆ ಇದರ ಅರ್ಧದಷ್ಟೇ ಬಲ. ಹೊಳೆ ಬಂದು ಸೇರುವಲ್ಲಿ, ಬುಗ್ಗೆ ಏಳುವಲ್ಲಿ ಅದು ತೆಳುವಾಗಿಯೇ ಇರುವುದು. ಆದಕಾರಣ ಬಲ್ಲವನು ಕೈಯಲ್ಲಿ ಕಬ್ಬಿಣದ ಹಾರೆ ಹಿಡಿದು, ಮುಂದೆ ಕುಟ್ಟಿ ನೋಡಿ, ಆಮೇಲೆ ಹೆಜ್ಜೆಯಿಡುತ್ತಾನೆ.

ನಮ್ಮ ದೇಶದಲ್ಲಿಯೂ ಇಂಥ ದಾರಿಯುಂಟು. ಲಡಾಖಿನ ಜಂಸ್ಕಾರ ನದಿಯು ಜನವರಿ, ಫೆಬ್ರವರಿಗಳಲ್ಲಿ ಹೆಪ್ಪುಗಟ್ಟಿದಾಗ, ಹಿಮದಿಂದ ಕಣಿವೆಗಳು ಮುಚ್ಚಿದ ಹಳ್ಳಿಗಳ ಜನರು ಅದರ ಮೇಲೆಯೇ ನಡೆದು ಲೇಹದ ಕಡೆಗೆ ಬರುತ್ತಿದ್ದರು. ಆ ದಾರಿಗೆ ಚಾದರವೆಂದೇ ಹೆಸರು. ಅಲ್ಲಿಯ ಪಾಂಗಾಂಗ್ ಸರೋವರವು ಸಮುದ್ರಮಟ್ಟದಿಂದ ೪,೨೦೦ ಮೀಟರಿಗೂ ಎತ್ತರದಲ್ಲಿದ್ದು, ನೀರು ಉಪ್ಪಾಗಿದ್ದರೂ ಹೆಪ್ಪುಗಟ್ಟುತ್ತದೆ. ೨೦೨೩ರ ಫೆಬ್ರವರಿಯಲ್ಲಿ ಅದರ ಮೇಲೆ ೨೧ ಕಿಲೋಮೀಟರುಗಳ ಓಟದ ಪಂದ್ಯವು ನಡೆಯಿತು.

ಮೀನು ಹಿಡಿಯುವ ಕ್ರಮವು ಸರಳವಾದುದು. ದೊಡ್ಡ ಬೈರಿಗೆಯಿಂದ ಬರ್ಫದಲ್ಲಿ ಗೇಣಗಲದ ತೂತು ಕೊರೆದು, ಜಾಲರಿಯ ಸೌಟಿನಿಂದ ಪುಡಿಯನ್ನು ತೆಗೆದು, ಮೊಳದುದ್ದದ ಕೋಲಿನಿಂದ ಗಾಳವನ್ನು ನೇರವಾಗಿ ಕೆಳಗಿಳಿಸುತ್ತಾರೆ. ಮೀನು ಚಳಿಗೆ ಮಂದವಾಗಿರುವುದರಿಂದ ಎರೆಯನ್ನು ಮೆಲ್ಲಗೆ ಆಡಿಸುತ್ತ ತಾಳ್ಮೆಯಿಂದ ಕಾಯಬೇಕು. ಗಾಳಿಗೆ ಮರೆಯಾಗಿ ಪುಟ್ಟ ಗುಡಿಸಲು, ಒಳಗೆ ಒಲೆ. ಮಿನ್ನೆಸೋಟದ ಮಿಲ್‌ ಲ್ಯಾಕ್ಸ್ ಸರೋವರದ ಮೇಲೆ ಚಳಿಗಾಲದಲ್ಲಿ ಇಂಥ ಗುಡಿಸಲುಗಳದೇ ಒಂದು ಊರು ಏಳುತ್ತದೆ. ಕೆನಡಾ ದೇಶದ ಟೊರೊಂಟೊ ನಗರದಲ್ಲಿ ನೆಲಸಿರುವ ಕನ್ನಡಿಗರಿಗೆ ಉತ್ತರದಲ್ಲಿರುವ ಸಿಮ್ಕೊ ಸರೋವರದ ಮೇಲೆ ಈ ನೋಟವು ಕಾಣಸಿಗುವುದು.

ಚೀನ ದೇಶದ ಜಿಲಿನ್ ಪ್ರಾಂತದ ಚಗನ್ ಸರೋವರದಲ್ಲಿ ಈ ಕೆಲಸವು ಬಲೆಯಿಂದ ನಡೆಯುತ್ತದೆ. ಸಾಲಾಗಿ ತೂತುಗಳನ್ನು ಕೊರೆದು, ಒಂದರಿಂದ ಇನ್ನೊಂದಕ್ಕೆ ಉದ್ದನೆಯ ಗಳುವನ್ನು ಬರ್ಫದ ಕೆಳಗೆ ನೂಕುತ್ತ ಹಗ್ಗವನ್ನು ದಾಟಿಸಿ, ಅದರ ಹಿಂದೆ ಬಲೆಯನ್ನು ಹರಡುತ್ತಾರೆ. ಬಲೆಯನ್ನು ಎಳೆಯುವುದು ಕುದುರೆಗಳು. ನಮ್ಮ ಗಾಣದ ಎತ್ತುಗಳಂತೆ ಅವು ಸುತ್ತಿದಂತೆಲ್ಲ ಹಗ್ಗವು ರಾಟೆಗೆ ಸುತ್ತಿಕೊಂಡು ಬಲೆಯು ಮೇಲಕ್ಕೆ ಬರುವುದು. ಸಿಕ್ಕುವ ಮೀನುಗಳಲ್ಲಿ ಮುಖ್ಯವಾದವು ಗೆಂಡೆಯ ಜಾತಿಯವು. ಬಲೆಯ ಕಣ್ಣುಗಳು ಅಗಲವಾಗಿರುವುದರಿಂದ ಮರಿಗಳು ನುಸುಳಿ ಹೋಗುತ್ತವೆ. ಮುಂದಿನ ವರುಷದ ಬೆಳೆಯನ್ನು ಈ ವರುಷವೇ ತಿನ್ನಬಾರದೆಂಬ ವಿವೇಕವು ನಮ್ಮ ಕಡೆಯ ಅಂಬಿಗರಿಗೂ ಕಬ್ಬಲಿಗರಿಗೂ ಹೊಸದಲ್ಲ.

ಬರ್ಫದ ದಾರಿಯು ಜನಕೋಟಿಯ ಪ್ರಾಣಕ್ಕೆ ಆಧಾರವಾದ ನಿದರ್ಶನವೂ ಉಂಟು. ೧೯೪೧ನೆಯ ಸೆಪ್ಟೆಂಬರ್ ೮ರಂದು ಜರ್ಮನ್ ಸೇನೆಯು ರಷ್ಯದ ಲೆನಿನ್‌ಗ್ರಾಡ್ ನಗರಕ್ಕೆ ನೆಲದ ಮೇಲಿನ ದಾರಿಗಳೆಲ್ಲವನ್ನೂ ಕಡಿದುಹಾಕಿತು. ಉಳಿದುದು ಲಡೋಗಾ ಸರೋವರವೊಂದೇ. ನವೆಂಬರಿನಲ್ಲಿ ಮಕ್ಕಳಿಗೂ ಅವಲಂಬಿತರಿಗೂ ದಿನಕ್ಕೆ ಸಿಕ್ಕುತ್ತಿದ್ದ ರೊಟ್ಟಿಯ ತೂಕ ೧೨೫ ಗ್ರಾಂ ಮಾತ್ರ. ಅದರಲ್ಲಿಯೂ ಹಿಟ್ಟಲ್ಲದ ಬೆರಕೆಯೇ ಬಹಳ. ಆ ತಿಂಗಳು ಸರೋವರವು ಹೆಪ್ಪುಗಟ್ಟಿತು. ಮೊದಲು ಕುದುರೆಗಳ ಜಾರುಬಂಡಿಗಳು ಹೋದುವು. ೨೨ರಂದು ಲಾರಿಗಳು ಹೊರಟುವು. ಬರ್ಫವು ಇನ್ನೂ ತೆಳುವಾಗಿದ್ದುದರಿಂದ ಲಾರಿಗಳಿಗೆ ಅರೆಹೊರೆಯನ್ನೇ ಹೇರುತ್ತಿದ್ದರು. ಒಡೆದರೆ ಹಾರಿಕೊಳ್ಳಲೆಂದು ಚಾಲಕರು ಬಾಗಿಲನ್ನು ತೆರೆದೇ ಇಡುತ್ತಿದ್ದರು.

ಇಲ್ಲಿ ವಿಜ್ಞಾನಿಗಳು ಒಂದು ವಿಚಿತ್ರವನ್ನು ಕಂಡರು. ಸಾಕಷ್ಟು ದಪ್ಪವಾದ ಬರ್ಫವೂ ಕೆಲವು ಲಾರಿಗಳ ಕೆಳಗೆ ಒಡೆಯುತ್ತಿತ್ತು. ಗಾಡಿಯ ಭಾರಕ್ಕೆ ಬರ್ಫವು ತುಸು ಬಾಗುವುದು. ಆ ಬಾಗು ನೀರಿನಲ್ಲಿ ಅಲೆಯಾಗಿ ಹರಿಯುವುದು. ಅಲೆಯ ವೇಗವು ನೀರಿನ ಆಳವನ್ನು ಅವಲಂಬಿಸಿರುತ್ತದೆ. ಅಲ್ಲಿ ಅದು ಗಂಟೆಗೆ ಸುಮಾರು ೩೫ ಕಿಲೋಮೀಟರು. ಗಾಡಿಯೂ ಅದೇ ವೇಗದಲ್ಲಿ ಹೋದರೆ ತಾನೆಬ್ಬಿಸಿದ ಅಲೆಯ ಸಂಗಡವೇ ಸಾಗಿ, ಬಾಗು ಕ್ಷಣಕ್ಷಣಕ್ಕೂ ಬೆಳೆದು ಬರ್ಫವು ಬಿರಿಯುವುದು. ತೊಟ್ಟಿಲನ್ನು ಅದರ ಲಯಕ್ಕೆ ಸರಿಯಾಗಿ ತೂಗಿದರೆ ಮೆಲ್ಲಗೆ ತಳ್ಳಿದರೂ ಅದು ಎತ್ತರಕ್ಕೇರುವುದಲ್ಲವೆ, ಹಾಗೆ. ಆ ವೇಗವನ್ನು ಬಿಟ್ಟು ಗಾಡಿಗಳನ್ನು ದೂರದೂರವಾಗಿ ನಡೆಸುವುದೇ ಅದಕ್ಕೆ ಪರಿಹಾರವಾಯಿತು. ಡಿಸೆಂಬರ್ ೨೫ರಂದು ೧೨೫ ಗ್ರಾಮಿನ ರೊಟ್ಟಿಯನ್ನು ೨೦೦ಕ್ಕೆ ಏರಿಸುವುದು ಸಾಧ್ಯವಾಯಿತು. ೧೯೪೨ರ ಏಪ್ರಿಲಿನಲ್ಲಿ ಬರ್ಫ ಕರಗುವುದರೊಳಗೆ ಐದು ಲಕ್ಷಕ್ಕೂ ಮೇಲ್ಪಟ್ಟು ಜನರನ್ನು ಅದರ ಮೇಲೆಯೇ ಹೊರಗೆ ಸಾಗಿಸಿದರು. ಆ ದಾರಿಗೆ ಅಲ್ಲಿಯವರು ಬದುಕಿನ ದಾರಿಯೆಂದು ಹೆಸರಿಟ್ಟುದು ಉಚಿತವೇ ಸರಿ. ಆದರೂ ಆ ಚಳಿಗಾಲದಲ್ಲಿ ಹಸಿವಿನಿಂದ ಸತ್ತವರು ಲಕ್ಷಗಟ್ಟಲೆ.

ಇಂಥ ಆಸರೆಯು ಈಗ ಹಲವೆಡೆಗಳಲ್ಲಿ ತೆಳುವಾಗುತ್ತಿದೆ. ಜಪಾನಿನ ಸುವಾ ಸರೋವರವು ಹೆಪ್ಪುಗಟ್ಟಿದ ದಿನವನ್ನು ಅಲ್ಲಿಯ ದೇವಾಲಯದ ಅರ್ಚಕರು ೧೪೪೩ರಿಂದ ಬರೆದಿಡುತ್ತ ಬಂದಿದ್ದಾರೆ. ಬರ್ಫದ ಮೇಲೆ ಏಳುವ ಏಣನ್ನು ಅವರು ದೇವರು ದಾಟಿದ ಗುರುತೆಂದು ಭಾವಿಸುವರು. ಮೊದಲಿನ ಸುಮಾರು ಇನ್ನೂರೈವತ್ತು ವರುಷಗಳಲ್ಲಿ ಸರೋವರವು ಹೆಪ್ಪುಗಟ್ಟದೆ ಹೋದುದು ಮೂರು ಸಲ ಮಾತ್ರ. ಈಚಿನ ದಶಕಗಳಲ್ಲಿ ಹೆಪ್ಪುಗಟ್ಟದ ವರುಷಗಳೇ ಸಾಮಾನ್ಯವಾಗಿವೆ. ಕೆನಡಾದ ಉತ್ತರದಲ್ಲಿ ರಸ್ತೆಯಿಲ್ಲದ ಮೂಲನಿವಾಸಿಗಳ ಊರುಗಳಿಗೆ ಎಣ್ಣೆ, ಧಾನ್ಯ, ಮನೆ ಕಟ್ಟುವ ಸಾಮಾನುಗಳು ಬರುವುದು ಹೆಪ್ಪುಗಟ್ಟಿದ ಕೆರೆಹೊಳೆಗಳ ಮೇಲಿನ ದಾರಿಯಿಂದ. ೨೦೨೪ರ ಬೆಚ್ಚನೆಯ ಚಳಿಗಾಲದಲ್ಲಿ ಆ ದಾರಿಯು ಗಟ್ಟಿಯಾಗದೆ, ಒಂಟಾರಿಯೊ ಪ್ರಾಂತದ ಉತ್ತರಭಾಗದ ಮೂಲನಿವಾಸಿ ಮುಖಂಡರು ತುರ್ತುಸ್ಥಿತಿಯನ್ನು ಸಾರಬೇಕಾಯಿತು.

ಅವರ ಆತಂಕವು ನಮಗೆ ಅಪರಿಚಿತವಾದುದಲ್ಲ. ಮೃಗಶಿರಾ ಮಳೆ ಬಾರದೆ ತೊಗರಿಯ ಬಿತ್ತನೆ ಹಿಂದೆ ಬಿದ್ದಾಗ ಕಲಬುರಗಿಯ ಒಕ್ಕಲಿಗನು ಆಕಾಶವನ್ನು ಯಾವ ಕಣ್ಣಿನಿಂದ ನೋಡುವನೋ, ಅದೇ ಕಣ್ಣಿನಿಂದ ಅಲ್ಲಿಯವನು ಕಾಲ ಕೆಳಗಿನ ಬರ್ಫವನ್ನು ನೋಡುತ್ತಾನೆ. ಒಬ್ಬನಿಗೆ ನೀರು ಹನಿಯಾಗಿ ಇಳಿಯಬೇಕು. ಇನ್ನೊಬ್ಬನಿಗೆ ಅದು ಕಲ್ಲಾಗಿ ನಿಲ್ಲಬೇಕು. ಋತುವು ತನ್ನ ಹೊತ್ತಿಗೆ ಬರುವುದೆಂಬ ನಂಬಿಕೆಯ ಮೇಲೆಯೇ ಇಬ್ಬರ ಬಾಳೂ ನಿಂತಿದೆ.