ಅಂಗಡಿಯ ಕರಬೂಜದ ಬೀಜ, ಹಿತ್ತಲಿನ ಸಪ್ಪೆ ಹಣ್ಣು

ಪ್ರಶ್ನೆ: ನಾಸಿಕ್ ಮಾರುಕಟ್ಟೆಯಿಂದ ತಂದ ಕರಬೂಜ ಸಕ್ಕರೆಯಂತಿತ್ತು. ಅದರ ಬೀಜ ಬಿತ್ತಿದರೆ ಒಂದೊಂದು ಬಳ್ಳಿಯಲ್ಲಿ ಒಂದೊಂದು ಬಗೆಯ ಹಣ್ಣು, ಹೆಚ್ಚಿನವು ಸಪ್ಪೆ. ಸಂಭಾಜಿನಗರದ ಅಕ್ಕನ ಹಿತ್ತಲಲ್ಲೂ ಇದೇ ಕಥೆ. ಯಾಕೆ? ಯಾವ ತಳಿ ಹಾಕಲಿ?

ಮಾರುಕಟ್ಟೆಗೆ ಬರುವ ಕರಬೂಜ ಈಗ ಹೆಚ್ಚಾಗಿ ಹೈಬ್ರಿಡ್. ಎರಡು ಬೇರೆ ತಳಿಗಳನ್ನು ಕೂಡಿಸಿದ ಮೊದಲ ಪೀಳಿಗೆಯಲ್ಲಿ ಬಳ್ಳಿಗಳೆಲ್ಲ ಒಂದೇ ಬಗೆ. ಅದರ ಹಣ್ಣಿನ ಬೀಜದಲ್ಲಾದರೋ ಅಪ್ಪ-ಅಮ್ಮನ ಗುಣಗಳು ಇಸ್ಪೀಟು ಎಲೆ ಕಲೆಸಿ ಹಂಚಿದಂತೆ ಹಂಚಿಹೋಗುತ್ತವೆ. ಸಿಹಿ, ಗಾತ್ರ, ಪರಿಮಳ ಮೂರೂ ಒಂದೇ ಕೈಗೆ ಬೀಳುವುದು ಅಪರೂಪ.

ಪಕ್ಕದ ಸೌತೆಬಳ್ಳಿಯಿಂದ ಹಣ್ಣು ಸಪ್ಪೆಯಾಯಿತು ಎನ್ನುವವರನ್ನು ನಂಬಬೇಡಿ. ಎಳೆ ಸೌತೆಗೂ ಕರಬೂಜಕ್ಕೂ ಕೂಡಿಕೆಯೇ ಇಲ್ಲ. ಸಾಂಬಾರಿನ ಮಂಗಳೂರು ಸೌತೆ ಮಾತ್ರ ಕರಬೂಜದ ಜಾತಿಯದೇ. ಆದರೂ ಅದರ ಪರಾಗ ಕೆಡಿಸುವುದು ಮುಂದಿನ ಬೀಜವನ್ನು, ಈ ಹಣ್ಣನ್ನಲ್ಲ.

ಹಿತ್ತಲಿಗೆ ಹೈಬ್ರಿಡ್ ಅಲ್ಲದ ತಳಿ ಆರಿಸಿ. ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಜೀತ್’ ನನ್ನ ಮೊದಲ ಆಯ್ಕೆ: ಹಣ್ಣು ಚಿಕ್ಕದು, ಒಳ್ಳೆಯ ಸಿಹಿ. ‘ಹರಾ ಮಧು’ ಹಸಿರು ತಿರುಳಿನದು. ಕಲ್ಲಂಗಡಿ ಬೇಕಿದ್ದರೆ ‘ಶುಗರ್ ಬೇಬಿ’. ‘ಅರ್ಕಾ ಮಾಣಿಕ್’ ಹಣ್ಣು ಸುಮಾರು 6 ಕಿಲೋ ತೂಗುತ್ತದೆ, ಜಾಗವಿದ್ದರಷ್ಟೇ ಹಾಕಿ.

ಜನವರಿ–ಫೆಬ್ರವರಿಯಲ್ಲಿ ಬಿತ್ತಿ. ಕರಬೂಜದಲ್ಲಿ ಪಿಷ್ಟದ ದಾಸ್ತಾನಿಲ್ಲ, ಸಕ್ಕರೆಯೆಲ್ಲ ಎಲೆಯಿಂದಲೇ ಬರಬೇಕು. ಹಾಗಾಗಿ ಬೇಗ ಕಿತ್ತು ಅಕ್ಕಿಡಬ್ಬದಲ್ಲಿಟ್ಟರೆ ಮೆತ್ತಗಾಗುತ್ತದೆ, ಸಿಹಿಯಾಗುವುದಿಲ್ಲ. ಹಣ್ಣಾಗುವ ಹೊತ್ತಿಗೆ ನೀರು ಕಡಿಮೆ ಮಾಡಿ. ತೊಟ್ಟಿನ ಸುತ್ತ ಬಿರುಕು ಕಂಡು, ಮುಟ್ಟಿದರೆ ಕಳಚುವಂತಾದಾಗ ಕೀಳಿ.